ಸುಳಿಯಲ್ಲಿ ತೂತು, ಕಾಣದ ಹುಳು: ಫಾಲ್ ಸೈನಿಕ ಹುಳುವಿನ ಬಾಧೆಯನ್ನು ಪತ್ತೆ ಮಾಡುವ ಕ್ರಮ

ಮೆಕ್ಕೆಜೋಳದ ಎಲೆಯ ಮೇಲೆ ಇಂದು ಕಾಣುವ ತೂತು ಇಂದು ಆದದ್ದಲ್ಲ. ಸುಳಿಯೊಳಗೆ ಸುತ್ತಿಕೊಂಡಿದ್ದಾಗ ಹುಳು ಕಡಿದ ಎಲೆಯು ಮೇಲಕ್ಕೆ ಬಂದು ಬಿಚ್ಚಿಕೊಳ್ಳುವ ಹೊತ್ತಿಗೆ ಕೆಲವು ದಿನಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಕಡಿದ ಹುಳು ಬಲಿತು ದೊಡ್ಡದಾಗಿರಬಹುದು, ಸತ್ತಿರಬಹುದು, ಇಲ್ಲವೇ ಮಣ್ಣಿಗಿಳಿದು, ಪತಂಗವಾಗುವ ಮುನ್ನಿನ ಹಂತವಾದ ಕೋಶವಾಗಿರಬಹುದು. ಈ ಕೀಟದ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಹಳೆಯ ಗಾಯವನ್ನು ಹೊಸ ಬಾಧೆಯೆಂದು ತಿಳಿಯುವುದರಿಂದಲೇ ಆಗುತ್ತವೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಗಿಡದ ಬಳಿ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ತಿನ್ನುತ್ತಿರುವುದು ಯಾವ ಹುಳು, ಅದರ ವಯಸ್ಸೆಷ್ಟು, ಇನ್ನೆಷ್ಟು ದಿನ ಅದು ತಿನ್ನಲಿದೆ.

ಸ್ಪೊಡಾಪ್ಟೆರಾ ಫ್ರುಜಿಪರ್ಡಾ ಎಂಬ ಪತಂಗದ ಮರಿಹುಳುವನ್ನು ಫಾಲ್ ಸೈನಿಕ ಹುಳುವೆಂದು ಕರೆಯುತ್ತಾರೆ. ಸುಳಿಯಲ್ಲಿ ರಾಶಿ ಹಾಕುವ ಹಿಕ್ಕೆಯ ಕಾರಣಕ್ಕೆ ಲದ್ದಿ ಹುಳುವೆಂಬ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಅಮೆರಿಕ ಖಂಡಗಳ ಉಷ್ಣವಲಯಕ್ಕೆ ಸೇರಿದ ಈ ಕೀಟವು 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿ, 2018ರ ಮೇ ತಿಂಗಳಲ್ಲಿ ಶಿವಮೊಗ್ಗ ಭಾಗದ ಮೆಕ್ಕೆಜೋಳದಲ್ಲಿ, 2019ರ ಆರಂಭದಲ್ಲಿ ಚೀನಾದಲ್ಲಿ, 2020ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಣಿಸಿಕೊಂಡಿತು. ಪತಂಗವು ಅನುಕೂಲದ ಗಾಳಿ ಸಿಕ್ಕಿದರೆ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರ್‌ನಷ್ಟು ಸಾಗಬಲ್ಲದು. ಇದಕ್ಕೆ ಚಳಿಗಾಲವನ್ನು ನಿದ್ದೆಯಲ್ಲಿ ಕಳೆಯುವ ಸುಪ್ತಾವಸ್ಥೆಯೇ ಇಲ್ಲ. ಹಿಮ ಬೀಳುವ ಸೀಮೆಗಳಲ್ಲಿ ಇದು ಸತ್ತುಹೋಗುತ್ತದೆ, ಉತ್ತರ ಅಮೆರಿಕದಲ್ಲಿ ಫ್ಲಾರಿಡಾ ಮತ್ತು ಟೆಕ್ಸಾಸ್‌ಗಳ ದಕ್ಷಿಣದಂಚಿನಲ್ಲಿ ಮಾತ್ರ ಚಳಿಗಾಲ ಕಳೆದು, ಪ್ರತಿ ವರ್ಷ ಹೊಸದಾಗಿ ಕೆನಡಾದವರೆಗೂ ಏರಿಹೋಗುತ್ತದೆ. ಬೆಚ್ಚಗಿನ ನಾಡುಗಳಲ್ಲಿ ವರ್ಷವಿಡೀ ಒಂದು ಬೆಳೆಯಿಂದ ಇನ್ನೊಂದಕ್ಕೆ ದಾಟುತ್ತಾ ನೆಲೆಸುತ್ತದೆ.

ಕೀಟದ ಕೆಲಸವೇ ಅಲ್ಲವೇ ಎಂಬ ಮೊದಲ ಪರೀಕ್ಷೆ

ಎಲೆಯ ಮೇಲಿನ ಬಿಳಿ ಗುರುತುಗಳೆಲ್ಲ ಹುಳುವಿನ ಕೆರೆತವಲ್ಲ. ಸತುವಿನ ಕೊರತೆಯಾದಾಗ ಎಳೆಯ ಎಲೆಗಳ ನಡುದಿಂಡಿನ ಎರಡೂ ಬದಿಗೆ ಬಿಳಿಚಿದ ಪಟ್ಟೆ ಮೂಡುತ್ತದೆ, ಆದರೆ ಅಲ್ಲಿ ಎಲೆಯ ದಪ್ಪ ಕಡಿಮೆಯಾಗಿರುವುದಿಲ್ಲ. ಮರಿಹುಳು ಕೆರೆದ ಜಾಗವನ್ನು ಬೆಳಕಿಗೆ ಹಿಡಿದರೆ ಅದು ಎಣ್ಣೆ ಹೀರಿದ ಕಾಗದದಂತೆ ಹೊಳೆಯುತ್ತದೆ. ಹಸಿರು ಭಾಗವೆಲ್ಲ ಹೋಗಿ ಇನ್ನೊಂದು ಬದಿಯ ತೆಳು ಪೊರೆಯಷ್ಟೇ ಉಳಿದಿರುವುದರಿಂದ ಉಗುರು ತಾಗಿಸಿದರೆ ಸಾಕು, ಹರಿದುಹೋಗುತ್ತದೆ. ಗಾಳಿ ಅಥವಾ ಆಲಿಕಲ್ಲಿನಿಂದ ಆದ ಸೀಳುಗಳು ನರಗಳ ಉದ್ದಕ್ಕೆ ಸಾಗುತ್ತವೆ ಮತ್ತು ಹೊಲದ ಎಲ್ಲ ಗಿಡಗಳಲ್ಲೂ ಹೆಚ್ಚು ಕಡಿಮೆ ಒಂದೇ ರೀತಿ ಕಾಣುತ್ತವೆ. ಮಿಡತೆಯಾದರೆ ಎಲೆಯ ಅಂಚಿನಿಂದ ಮೇಯುತ್ತದೆ, ಸುಳಿಯೊಳಗೆ ಏನನ್ನೂ ಬಿಟ್ಟುಹೋಗುವುದಿಲ್ಲ.

ಹಿಕ್ಕೆಯೇ ಇಲ್ಲದ ಸುಳಿಯಲ್ಲಿ ಬೆಳೆದ ಸೈನಿಕ ಹುಳು ಇರುವುದು ಅಪರೂಪ. ಆದರೆ ಆಗ ತಾನೇ ಮೊಟ್ಟೆಯೊಡೆದ ಮರಿಗಳ ಹಿಕ್ಕೆ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಿರುವುದಿಲ್ಲವಾದ್ದರಿಂದ, ಕೆರೆತವಿದ್ದು ಹಿಕ್ಕೆಯಿಲ್ಲದ ಗಿಡವನ್ನು ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಬೇಕು.

ಯಾವ ಹುಳು?

ಇಲ್ಲಿ ಆತುರ ಬೇಡ. ಬಾಧೆಗೊಂಡ ಒಂದು ಗಿಡದ ಸುಳಿಯನ್ನು ಮುರಿದು ತೆಗೆದು, ಎಲೆಗಳನ್ನು ಹೊರಗಿನಿಂದ ಒಳಗೆ ಒಂದೊಂದಾಗಿ ಬಿಚ್ಚಬೇಕು. ಮೇಲೆ ಒದ್ದೆಯಾದ ಮರದ ಹೊಟ್ಟಿನಂತಹ ಹಿಕ್ಕೆಯ ಬಿರಡೆ ಇರುತ್ತದೆ. ಬೆರಳಿನಲ್ಲಿ ಉಜ್ಜಿದರೆ ತಾಜಾ ಹಿಕ್ಕೆ ಅಂಟುತ್ತದೆ, ಹಳೆಯದು ಪುಡಿಯಾಗುತ್ತದೆ. ಅದನ್ನು ಸರಿಸಿದಾಗ ಕೆಳಗೆ ಒಂದೇ ಒಂದು ಹುಳು, ತಲೆಯನ್ನು ಸುಳಿಯ ಆಳಕ್ಕೆ ಚಾಚಿಕೊಂಡು ಮಲಗಿರುವುದನ್ನು ಕಾಣಬಹುದು. ನೂರಾರು ಮೊಟ್ಟೆಗಳ ಗುಂಪಿನಿಂದ ಹುಟ್ಟಿದ್ದರೂ ಒಂದು ಸುಳಿಗೆ ಒಂದೋ ಎರಡೋ ಹುಳು ಮಾತ್ರ ಉಳಿಯಲು ಕಾರಣ, ಇವುಗಳಲ್ಲಿ ದೊಡ್ಡದು ಚಿಕ್ಕದನ್ನು ತಿಂದುಬಿಡುತ್ತದೆ.

ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಎರಡು ಕಡೆ ನೋಡಬೇಕು. ಮುಖದ ಮೇಲೆ ತಲೆಕೆಳಗಾದ ‘ವೈ’ ಅಕ್ಷರದ ಆಕಾರದ ತಿಳಿ ಗೆರೆಯಿರುತ್ತದೆ. ಹಿಂತುದಿಯ ಸಮೀಪ, ಹೊಟ್ಟೆಯ ಎಂಟನೆಯ ಖಂಡದ ಬೆನ್ನಿನ ಮೇಲೆ ನಾಲ್ಕು ಕಪ್ಪು ಚುಕ್ಕೆಗಳು ಚೌಕದ ನಾಲ್ಕು ಮೂಲೆಗಳಂತೆ ಕೂತಿರುತ್ತವೆ. ಅದರ ಹಿಂದಿನ ಮುಂದಿನ ಖಂಡಗಳಲ್ಲಿಯೂ ಚುಕ್ಕೆಗಳಿದ್ದರೂ ಅವು ಚೌಕವಾಗಿ ಜೋಡಣೆಗೊಂಡಿರುವುದಿಲ್ಲ. ಮೈಬಣ್ಣವನ್ನು ನಂಬುವಂತಿಲ್ಲ: ಹಸಿರು, ಕಂದು, ಕಪ್ಪು ಛಾಯೆಯ ಹುಳುಗಳು ಒಂದೇ ಹೊಲದಲ್ಲಿ ಸಿಗುತ್ತವೆ. ‘ವೈ’ ಗುರುತೊಂದನ್ನೇ ನೆಚ್ಚಿಕೊಳ್ಳುವುದೂ ಸರಿಯಲ್ಲ, ಏಕೆಂದರೆ ಮಸುಕಾಗಿ ಅಂತಹ ಗೆರೆ ಬೇರೆ ಕೆಲವು ಮರಿಹುಳುಗಳ ತಲೆಯಲ್ಲೂ ಇರುತ್ತದೆ. ಎರಡೂ ಗುರುತು ಒಟ್ಟಿಗೆ ಸಿಕ್ಕರೆ ಮಾತ್ರ ತೀರ್ಮಾನಕ್ಕೆ ಬರಬೇಕು.

ಮೋಸ ಮಾಡುವ ಇತರ ಹುಳುಗಳಲ್ಲಿ ಮೊದಲನೆಯದು ಕಾಂಡ ಕೊರಕ. ಅದರ ಮರಿಗಳು ಸುತ್ತಿಕೊಂಡ ಎಲೆಯನ್ನು ಅಡ್ಡಕ್ಕೆ ಕೊರೆಯುವುದರಿಂದ, ಎಲೆ ಬಿಚ್ಚಿದಾಗ ಗುಂಡುಸೂಜಿಯಿಂದ ಚುಚ್ಚಿದಂತಹ ಸಣ್ಣ ದುಂಡು ತೂತುಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಸೈನಿಕ ಹುಳುವಿನ ತೂತುಗಳು ಉದ್ದುದ್ದವಾಗಿ, ಅಂಕುಡೊಂಕಾಗಿ, ಒಂದಕ್ಕೊಂದು ಕೂಡಿಕೊಂಡು ಕೊನೆಗೆ ಎಲೆಯನ್ನು ಚಿಂದಿಯಾಗಿಸುತ್ತವೆ. ಕಾಂಡ ಕೊರಕದ ಬಾಧೆಯಲ್ಲಿ ನಡುಸುಳಿ ಒಣಗುತ್ತದೆ, ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಇನ್ನೂ ಎಳೆಯ ಸಸಿಯಲ್ಲಿ ಎಲೆಗೆ ಒಂದು ತೂತೂ ಇಲ್ಲದೆ ಸುಳಿ ಮಾತ್ರ ಒಣಗಿ, ಎಳೆದು ತೆಗೆದ ಬುಡ ಕೊಳೆತು ನಾರುತ್ತಿದ್ದರೆ ಅದು ಸುಳಿ ನೊಣದ ಕೆಲಸ. ಮಿಥಿಮ್ನಾ ಸೆಪರೇಟಾ ಎಂಬ ಏಷ್ಯಾದ ಹಳೆಯ ಸೈನಿಕ ಹುಳುವೂ ವಲಸೆಯ ಪತಂಗದ್ದೇ. ಆದರೆ ಅದು ಅಂಚಿನಿಂದ ಒಳಕ್ಕೆ ತಿನ್ನುತ್ತಾ ನಡುದಿಂಡನ್ನು ಮಾತ್ರ ಉಳಿಸುತ್ತದೆ, ಮೈಮೇಲೆ ಉದ್ದುದ್ದ ಪಟ್ಟೆಗಳಿರುತ್ತವೆ, ಚೌಕದ ಚುಕ್ಕೆಗಳಿರುವುದಿಲ್ಲ. ಸಸಿಗಳು ನೆಲಮಟ್ಟದಲ್ಲಿ ಕತ್ತರಿಸಿ ಬಿದ್ದಿದ್ದರೆ ಸಾಮಾನ್ಯವಾಗಿ ಕತ್ತರಿಸುವ ಹುಳುವನ್ನು ದೂರುತ್ತೇವೆ, ಹಾಗೆ ದೂರುವುದು ಬಹುಪಾಲು ಸರಿಯೂ ಹೌದು. ಆದರೆ ಕಳೆಯ ಹುಲ್ಲಿನಲ್ಲಿ ಬಲಿತ ಸೈನಿಕ ಹುಳುಗಳು ಎಳೆಯ ಸಸಿಗೆ ದಾಟಿದಾಗ ಅವೂ ಇದೇ ರೀತಿ ಕತ್ತರಿಸುತ್ತವೆ. ಬುಡದ ಮಣ್ಣನ್ನು ಕೆದಕಿ ಹುಳುವನ್ನು ಕಣ್ಣಾರೆ ನೋಡದೆ ಈ ಎರಡನ್ನು ಬೇರ್ಪಡಿಸಲಾಗದು.

ಸುಳಿಯೊಳಗೆ ಹಿಂಬದಿಯಲ್ಲಿ ಇಕ್ಕಳದಂತಹ ಕೊಂಡಿಯಿರುವ ಕಂದು ಕೀಟ ಸಿಕ್ಕರೆ ಅದನ್ನು ಅಪರಾಧಿಯೆಂದು ಹೊಸಕಬಾರದು. ಅದು ಸೈನಿಕ ಹುಳುವಿನ ಮೊಟ್ಟೆಗಳನ್ನೂ ಸಣ್ಣ ಮರಿಗಳನ್ನೂ ತಿನ್ನುವ ಬಗೆಯದು.

ವಯಸ್ಸಿನ ಲೆಕ್ಕ

ಹೆಣ್ಣು ಪತಂಗವು 100ರಿಂದ 200 ಮೊಟ್ಟೆಗಳನ್ನು ಒಂದೇ ಗುಂಪಿನಲ್ಲಿ ಎಲೆಯ ಮೇಲಿಟ್ಟು, ತನ್ನ ಮೈಯ ಬೂದು ರೋಮಗಳನ್ನು ಅದರ ಮೇಲೆ ಹೊದಿಸುತ್ತದೆ. ಮೊದಲ ನೋಟಕ್ಕೆ ಅದು ಎಲೆಗೆ ಹತ್ತಿದ ಬೂಷ್ಟಿನ ತುಣುಕಿನಂತೆ ಕಾಣುತ್ತದೆ. ತನ್ನ ಜೀವಮಾನದಲ್ಲಿ ಒಂದು ಹೆಣ್ಣು 1500ಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಬೆಚ್ಚಗಿನ ಹವೆಯಲ್ಲಿ 2ರಿಂದ 3 ದಿನಗಳಲ್ಲಿ ಮೊಟ್ಟೆಯೊಡೆದ ಮರಿಗಳು ಕೆಲಕಾಲ ಗುಂಪಾಗಿ ಎಲೆಯನ್ನು ಕೆರೆದು, ಆಮೇಲೆ ರೇಷ್ಮೆಯಂತಹ ಎಳೆಗೆ ಜೋತುಬಿದ್ದು ಗಾಳಿಯಲ್ಲಿ ಅಕ್ಕಪಕ್ಕದ ಗಿಡಗಳಿಗೆ ಚದುರುತ್ತವೆ. ಹೊಲದಲ್ಲಿ ಒಂದು ಗಿಡವನ್ನು ನಡುವಿಟ್ಟುಕೊಂಡು ಸುತ್ತಲಿನ ಕೆಲವು ಗಿಡಗಳಲ್ಲಿ ಕೆರೆತ ಕಂಡರೆ, ನಡುವಿನ ಗಿಡದಲ್ಲಿ ಮೊಟ್ಟೆಯ ಗುಂಪಿನ ಕುರುಹನ್ನು ಹುಡುಕಬಹುದು.

ಮರಿಹುಳು 6 ಹಂತಗಳನ್ನು ದಾಟುತ್ತದೆ, ಒಂದೊಂದು ಹಂತದ ಕೊನೆಗೂ ಪೊರೆ ಕಳಚುತ್ತದೆ. ಹಂತಗಳ ಅಂದಾಜು ಉದ್ದ ಕ್ರಮವಾಗಿ 1.7, 3.5, 6.4, 10, 17 ಮತ್ತು 34 ಮಿಲಿಮೀಟರ್. ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಹಂತಗಳು ಕ್ರಮವಾಗಿ 3.3, 1.7, 1.5, 1.5, 2 ಮತ್ತು 3.7 ದಿನಗಳನ್ನು ತೆಗೆದುಕೊಳ್ಳುತ್ತವೆ, ಅಂದರೆ ಒಟ್ಟು ಎರಡು ವಾರಕ್ಕೆ ತುಸು ಕಡಿಮೆ. ತಂಪು ಹೆಚ್ಚಿದಂತೆ ಇದು ಒಂದು ತಿಂಗಳಿಗೂ ಎಳೆಯುತ್ತದೆ. ಜೇಬಿನಲ್ಲಿ ಒಂದು ಅಳತೆ ಪಟ್ಟಿಯಿದ್ದರೆ ಸಾಕು, ಈ ಅಂಕಿಗಳಿಂದ ಹಿಂದಕ್ಕೂ ಮುಂದಕ್ಕೂ ಲೆಕ್ಕ ಹಾಕಬಹುದು.

ಸಿಕ್ಕ ಹುಳು 10 ಮಿಲಿಮೀಟರ್ ಇದೆಯೆಂದುಕೊಳ್ಳೋಣ. ಅದು ನಾಲ್ಕನೆಯ ಹಂತದ್ದು. ಮೊದಲ ಮೂರು ಹಂತಗಳಿಗೆ ಹಿಡಿದದ್ದು 6ರಿಂದ 7 ದಿನ, ಮೊಟ್ಟೆಗೆ ಇನ್ನೆರಡು ಮೂರು ದಿನ. ಹಾಗಾದರೆ ಪತಂಗ ಈ ಗಿಡಕ್ಕೆ ಬಂದು ಹೋದದ್ದು ಹತ್ತಿರ ಹತ್ತಿರ 10 ದಿನಗಳ ಹಿಂದೆ. ಮುಂದಕ್ಕೆ ನೋಡಿದರೆ ಇನ್ನು 7 ದಿನ ಅದು ತಿನ್ನಲಿದೆ. ಈ ಏಳು ದಿನಗಳ ತೂಕ ಎಂತಹದೆಂಬುದನ್ನು ಗಮನಿಸಬೇಕು: ಒಂದು ಹುಳು ತನ್ನ ಇಡೀ ಜೀವಮಾನದಲ್ಲಿ ತಿನ್ನುವ ಎಲೆಯಲ್ಲಿ ಮೊದಲ ಮೂರು ಹಂತಗಳ ಪಾಲು ಶೇಕಡಾ 2ಕ್ಕಿಂತ ಕಡಿಮೆ, ನಾಲ್ಕನೆಯದರ ಪಾಲು ಶೇಕಡಾ 4.7, ಐದನೆಯದು 16.3, ಕೊನೆಯ ಒಂದೇ ಹಂತದ ಪಾಲು ಶೇಕಡಾ 77.2. ಒಂದು ವಾರ ಕಾಲ ಹೊಲ ಹಸಿರಾಗಿದ್ದು, ಆಮೇಲೆ ಎರಡು ಮೂರು ದಿನಗಳಲ್ಲಿ ದನ ಹೊಕ್ಕಂತಾಯಿತೆಂದು ದೂರುವವರಿದ್ದಾರೆ. ಹೊಸ ಹುಳು ಎಲ್ಲಿಂದಲೂ ಬಂದಿರುವುದಿಲ್ಲ, ಇದ್ದ ಹುಳುವೇ ಆರನೆಯ ಹಂತಕ್ಕೆ ಕಾಲಿಟ್ಟಿರುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ತೀರ್ಮಾನವೂ ಹೊರಡುತ್ತದೆ. ಸಿಕ್ಕ ಹುಳುಗಳಲ್ಲಿ ಹೆಚ್ಚಿನವು 30 ಮಿಲಿಮೀಟರ್ ದಾಟಿದ್ದರೆ ಅವು ತಿನ್ನುವುದನ್ನು ಬಹುತೇಕ ಮುಗಿಸಿವೆ, ಒಂದೆರಡು ದಿನಗಳಲ್ಲಿ ತಾವಾಗಿಯೇ ಮಣ್ಣಿಗಿಳಿಯುತ್ತವೆ. ಆ ಹೊತ್ತಿನಲ್ಲಿ ಸಿಂಪಡಿಸಿದ ಔಷಧಿಯು ಉಳಿಸಬೇಕಾದ ಎಲೆಯನ್ನು ಉಳಿಸುವುದಿಲ್ಲ. ಮರುದಿನ ಹುಳು ಕಾಣದಾದಾಗ ಕೀರ್ತಿ ಮಾತ್ರ ಔಷಧಿಗೆ ಸಲ್ಲುತ್ತದೆ.

ಸಿಂಪಡಿಸಿದರೂ ತೂತು ನಿಂತಿಲ್ಲ

ಅತಿ ಹೆಚ್ಚು ಕೇಳಿಬರುವ ದೂರು ಇದು. ಮೊದಲ ಸಾಧ್ಯತೆಯೆಂದರೆ ದೋಷವೇ ಇಲ್ಲದಿರುವುದು: ಹುಳು ಸತ್ತ ಮೇಲೂ, ಅದು ಬದುಕಿದ್ದಾಗ ಸುಳಿಯೊಳಗೆ ಕಡಿದ ಎಲೆಗಳು ದಿನಕ್ಕಿಷ್ಟರಂತೆ ಹೊರಬರುತ್ತಲೇ ಇರುತ್ತವೆ. ಒಮ್ಮೆ ನಾನೂ ಇದಕ್ಕೆ ಬಲಿಯಾಗಿ, ನಾಲ್ಕನೆಯ ದಿನ ಇನ್ನಷ್ಟು ತೂತುಗಳನ್ನು ಕಂಡು ಔಷಧಿ ಸೋತಿತೆಂದು ಎರಡನೆಯ ಬಾರಿ ಸಿಂಪಡಿಸಿ, ಆಮೇಲೆ ಸುಳಿಗಳನ್ನು ಸೀಳಿ ನೋಡಿದಾಗ ಹೆಚ್ಚಿನವು ಖಾಲಿಯಾಗಿದ್ದವು, ಕೆಲವುಗಳಲ್ಲಿ ಒಣಗಿ ಮುರುಟಿದ ಹಳೆಯ ಹುಳುಗಳಿದ್ದವು. ಪರೀಕ್ಷೆ ಸುಲಭದ್ದು. ಸಿಂಪಡಿಸಿದ ಎರಡು ಮೂರು ದಿನಗಳ ನಂತರ ಕೆಲವು ಗಿಡಗಳಿಗೆ ದಾರ ಕಟ್ಟಿ, ಅವುಗಳ ಸುಳಿಯಲ್ಲಿರುವ ಹಿಕ್ಕೆಯನ್ನು ಪೂರ್ತಿ ಕೊಡವಿ ತೆಗೆಯಬೇಕು. ಮರುದಿನ ಬೆಳಿಗ್ಗೆ ಅದೇ ಸುಳಿಗಳಲ್ಲಿ ಒದ್ದೆ ಹಿಕ್ಕೆ ಮತ್ತೆ ಬಿದ್ದಿದ್ದರೆ ಹುಳು ಬದುಕಿದೆ, ಇಲ್ಲದಿದ್ದರೆ ಇಲ್ಲ. ತೂತುಗಳು ಏನೇ ಹೇಳಲಿ, ತೀರ್ಪು ಹಿಕ್ಕೆಯದು.

ಹುಳು ನಿಜಕ್ಕೂ ಬದುಕಿದ್ದರೆ ಅದರ ಅಳತೆ ನೋಡಬೇಕು. ಉಳಿದವು ದೊಡ್ಡ ಹುಳುಗಳೇ ಆಗಿದ್ದರೆ ಔಷಧಿ ಅವುಗಳನ್ನು ಮುಟ್ಟಿಯೇ ಇಲ್ಲ ಎನ್ನುವುದು ಹೆಚ್ಚು ಸಂಭವ, ಏಕೆಂದರೆ ಹಿಕ್ಕೆಯ ಬಿರಡೆಯು ಅವುಗಳ ತಲೆಯ ಮೇಲೆ ಸೂರಿನಂತೆ ನಿಂತಿರುತ್ತದೆ. ನಾಜಲ್ಲನ್ನು ಸುಳಿಯ ಬಾಯಿಗೆ ನೇರವಾಗಿ ಹಿಡಿಯದೆ ಸಾಲಿನ ಮೇಲೆ ಮಂಜಿನಂತೆ ಹಾಯಿಸಿದರೆ ಎಲೆಯ ಮೇಲ್ಮೈ ತೊಯ್ಯುತ್ತದೆ, ಹುಳುವಿಗೆ ಹನಿ ತಲುಪುವುದಿಲ್ಲ; ಬಿರುಬಿಸಿಲಿನಲ್ಲಿ ಸಿಂಪಡಿಸಿದರೆ ಹುಳು ಆಳದಲ್ಲಿರುತ್ತದೆ, ಸಂಜೆ ಅಥವಾ ನಸುಕಿನಲ್ಲಿ ಮೇಲೆ ಬಂದಿರುತ್ತದೆ. ಉಳಿದವು ಬರೀ ಚಿಕ್ಕ ಮರಿಗಳಾಗಿದ್ದರೆ ಸಿಂಪಡಣೆಯ ನಂತರ ಹೊಸ ಮೊಟ್ಟೆಗಳು ಒಡೆದಿವೆ ಎಂದರ್ಥ. ಎಲ್ಲ ಅಳತೆಯ ಹುಳುಗಳೂ ಜೀವಂತವಾಗಿದ್ದು, ಹನಿ ಸುಳಿಗೆ ತಲುಪಿರುವುದೂ ಖಚಿತವಾಗಿದ್ದಾಗ ಮಾತ್ರ ಔಷಧಿಯ ಗುಣಮಟ್ಟ, ಪ್ರಮಾಣ ಅಥವಾ ಹುಳುವಿನ ನಿರೋಧಕ ಶಕ್ತಿಯ ಕಡೆಗೆ ಅನುಮಾನ ತಿರುಗಿಸಬೇಕು. ಒಂದೇ ಗುಂಪಿಗೆ ಸೇರಿದ ಔಷಧಿಯನ್ನು ತಲೆಮಾರಿನಿಂದ ತಲೆಮಾರಿಗೆ ಬಳಸುತ್ತಾ ಬಂದಿದ್ದರೆ ಆ ಅನುಮಾನಕ್ಕೆ ಬಲ ಬರುತ್ತದೆ.

ಸತ್ತ ಹುಳುಗಳನ್ನೂ ಓದಬೇಕು. ಮೈ ಗಟ್ಟಿಯಾಗಿ ಎಲೆಗೆ ಅಂಟಿಕೊಂಡು, ಮೊದಲು ಬಿಳಿಯ, ಬಳಿಕ ತಿಳಿ ಹಸಿರಿನ ಪುಡಿ ಹೊದ್ದ ಹುಳು ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರಕ್ಕೆ ಬಲಿಯಾದದ್ದು; ತೇವದ ಹವೆಯಲ್ಲಿ ಇದು ಹೊಲಕ್ಕೆ ಹೊಲವನ್ನೇ ಗುಡಿಸಿಬಿಡುವುದುಂಟು. ಮೈ ಕರಗಿ ನೀರಾಗಿ, ಹಿಂಗಾಲುಗಳಿಂದ ಜೋತಾಡುತ್ತಿರುವುದು ವೈರಸ್ ರೋಗದಿಂದ ಸತ್ತದ್ದು. ಇಂತಹವು ಹೇರಳವಾಗಿ ಸಿಗುತ್ತಿರುವಾಗ ಸಿಂಪರಣಾ ಯಂತ್ರವನ್ನು ಹೊರತೆಗೆಯುವುದು ನಷ್ಟದ ಕೆಲಸ.

ಬಾಧೆ ಎಷ್ಟೆಂದು ಅಳೆಯಲು ಹೊಲದಲ್ಲಿ ಅಂಕುಡೊಂಕಾಗಿ ನಡೆದು 5 ಕಡೆ ತಲಾ 10 ಅಥವಾ 20 ಗಿಡಗಳನ್ನು ನೋಡುವುದು ರೂಢಿ. ಎಣಿಸಬೇಕಾದದ್ದು ಹೊಸ ಕೆರೆತ ಅಥವಾ ತಾಜಾ ಹಿಕ್ಕೆಯಿರುವ ಗಿಡಗಳನ್ನು ಮಾತ್ರ. ಯಾವ ಮಟ್ಟ ದಾಟಿದರೆ ಸಿಂಪಡಿಸಬೇಕೆಂಬ ಮಿತಿ ದೇಶದಿಂದ ದೇಶಕ್ಕೆ ಬೇರೆಯಿದ್ದರೂ, ಎಳೆಯ ಬೆಳೆಗೆ ಕಡಿಮೆ ಮಿತಿ, ಬಲಿತ ಬೆಳೆಗೆ ಹೆಚ್ಚಿನ ಮಿತಿ ಎಂಬ ತತ್ವ ಎಲ್ಲೆಡೆ ಒಂದೇ.

ಬಲೆ ಹೇಳುವುದೊಂದು, ಹೊಲ ಹೇಳುವುದೊಂದು

ಹೆಣ್ಣು ಪತಂಗದ ವಾಸನೆಯನ್ನು ಹೋಲುವ ಮೋಹಕವನ್ನಿಟ್ಟ ಬಲೆಗೆ ಬೀಳುವುದು ಗಂಡು ಪತಂಗಗಳು ಮಾತ್ರ. ಮೊಟ್ಟೆಯಿಡುವ ಹೆಣ್ಣುಗಳ ಲೆಕ್ಕ ಅದರಲ್ಲಿಲ್ಲ. ಬಲೆಯಲ್ಲಿ ಪತಂಗ ತುಂಬಿದ್ದು ಹೊಲದಲ್ಲಿ ಹುಳುವಿಲ್ಲದಿದ್ದರೆ, ಬಿದ್ದಿರುವುದು ಇದೇ ಪತಂಗವೇ ಎಂದು ಮೊದಲು ನೋಡಬೇಕು. ಗಂಡಿನ ಮುಂದಿನ ರೆಕ್ಕೆಯ ತುದಿಯಲ್ಲಿ ಎದ್ದು ಕಾಣುವ ಬಿಳಿ ಮಚ್ಚೆಯಿರುತ್ತದೆ, ಹಿಂದಿನ ರೆಕ್ಕೆ ಬೆಳ್ಳಿಯಂತೆ ಬಿಳುಪು. ರೆಕ್ಕೆ ಬಿಚ್ಚಿದಾಗಿನ ಅಗಲ 32ರಿಂದ 40 ಮಿಲಿಮೀಟರ್. ಹತ್ತಿರದ ಸಂಬಂಧಿಗಳಾದ ಬೇರೆ ಪತಂಗಗಳೂ ಈ ಬಲೆಗೆ ಬಂದು ಬೀಳುತ್ತವೆ. ಪತಂಗ ಇದೇ ಆಗಿದ್ದರೆ ತುಸು ಕಾಯಬೇಕು, ಏಕೆಂದರೆ ಪತಂಗವಾದ ಮೇಲೆ ಮೊಟ್ಟೆಯಿಡಲು 3ರಿಂದ 4 ದಿನ, ಮೊಟ್ಟೆ ಒಡೆಯಲು 2ರಿಂದ 3 ದಿನ ಹಿಡಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಬಲೆ ಖಾಲಿಯಿದ್ದು ಹೊಲದಲ್ಲಿ ಹುಳುವಿದ್ದರೆ, ಮೋಹಕದ ಅವಧಿ ಮುಗಿದಿರಬಹುದು, ಅಥವಾ ಬೆಳೆ ಎತ್ತರವಾದಂತೆ ಬಲೆಯನ್ನು ಏರಿಸದೆ ಅದು ಎಲೆಗಳ ನಡುವೆ ಮುಳುಗಿರಬಹುದು.

ವಲಸೆ ಬಂದದ್ದೋ ಇಲ್ಲೇ ಹುಟ್ಟಿದ್ದೋ ಎಂಬ ಪ್ರಶ್ನೆಗೂ ಅಳತೆ ಪಟ್ಟಿಯೇ ಸುಳಿವು ಕೊಡುತ್ತದೆ. ಎಲ್ಲೆಡೆ ಒಂದೇ ವಯಸ್ಸಿನ ಹುಳುಗಳಿದ್ದರೆ ಒಂದೇ ಅಲೆ ಬಂದಿಳಿದಿರುವ ಸಾಧ್ಯತೆ ಹೆಚ್ಚು. ಮೊಟ್ಟೆಯಿಂದ ಬಲಿತ ಹುಳುವಿನವರೆಗೆ ಎಲ್ಲವೂ ಒಟ್ಟಿಗೆ ಸಿಗುತ್ತಿದ್ದರೆ ತಲೆಮಾರುಗಳು ಒಂದರ ಮೇಲೊಂದು ಬರುತ್ತಿವೆ, ಅಂದರೆ ಹತ್ತಿರದಲ್ಲೇ ಎಲ್ಲೋ ಆಹಾರ ಸಿಗುತ್ತಿದೆ.

ಆಹಾರ ಸಸ್ಯಗಳ ವಿಚಾರ

2018ರಲ್ಲಿ ಪ್ರಕಟವಾದ ಪಟ್ಟಿಯೊಂದು ಈ ಹುಳುವಿನ ಆಹಾರ ಸಸ್ಯಗಳನ್ನು 76 ಕುಟುಂಬಗಳ 353 ಪ್ರಭೇದಗಳೆಂದು ಎಣಿಸಿತು. ಅದರಲ್ಲಿ ಹುಲ್ಲಿನ ಕುಟುಂಬವೊಂದಕ್ಕೇ 106 ಸೇರಿವೆ. ಈ ಸಂಖ್ಯೆಯನ್ನು ಉಲ್ಲೇಖಿಸಿ ಯಾವ ಬೆಳೆಯೂ ಸುರಕ್ಷಿತವಲ್ಲವೆಂದು ಹೆದರಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದು ಗಿಡದ ಮೇಲೆ ಹುಳು ಸಿಕ್ಕಿತೆಂಬುದು ಬೇರೆ, ಆ ಗಿಡದಲ್ಲಿ ಅದು ಪೀಳಿಗೆ ನಡೆಸಿ ಬೆಳೆಗೆ ನಷ್ಟ ಮಾಡುತ್ತದೆಂಬುದು ಬೇರೆ. ನಿಜವಾದ ಒಲವು ಮೆಕ್ಕೆಜೋಳದ ಮೇಲೆ. ಆಮೇಲೆ ಬಿಳಿಜೋಳ, ಸಜ್ಜೆ, ರಾಗಿಯಂತಹ ಏಕದಳ ಬೆಳೆಗಳು, ಕಬ್ಬು, ಹುಲ್ಲುಗಾವಲು. ಹತ್ತಿ, ನೆಲಗಡಲೆ, ಸೋಯಾಗಳಲ್ಲಿಯೂ ಇದು ಸಿಗುತ್ತದೆ. ಮೆಕ್ಕೆಜೋಳ ಮತ್ತು ಹತ್ತಿಯ ಕಡೆ ವಾಲುವ ತಳಿಯೊಂದು, ಭತ್ತ ಮತ್ತು ಗರಿಕೆಯಂತಹ ಹುಲ್ಲುಗಳ ಕಡೆ ವಾಲುವ ತಳಿಯೊಂದು, ಹೀಗೆ ಅಮೆರಿಕದಲ್ಲಿ ಎರಡನ್ನು ಗುರುತಿಸಿದ್ದಾರೆ. ಕಣ್ಣಿಗೆ ಇವೆರಡೂ ಒಂದೇ, ವಂಶವಾಹಿ ಪರೀಕ್ಷೆಯಿಂದ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಎಲೆಯಗಲದ ಬೆಳೆಯಲ್ಲಿ ರೋಮ ಹೊದ್ದ ಮೊಟ್ಟೆಗಳ ಗುಂಪು ಕಂಡರೆ ಮೊದಲು ತಂಬಾಕಿನ ಎಲೆ ತಿನ್ನುವ ಹುಳುವನ್ನು, ಅಂದರೆ ಇದೇ ಕುಲದ ಸ್ಪೊಡಾಪ್ಟೆರಾ ಲಿಟ್ಯುರಾವನ್ನು ಅನುಮಾನಿಸಬೇಕು. ಅದರ ಮೊಟ್ಟೆ ಗುಂಪಿಗೂ ಇಂತಹದೇ ಹೊದಿಕೆಯಿರುತ್ತದೆ. ಮರಿ ಬೆಳೆದು ಬೆನ್ನಿನ ಚುಕ್ಕೆಗಳು ಸ್ಪಷ್ಟವಾಗುವವರೆಗೆ ಹೆಸರಿಡದಿರುವುದೇ ಲೇಸು.

ದೋಷಪತ್ತೆಗೆ ಆಹಾರ ಸಸ್ಯಗಳ ಪಟ್ಟಿ ಉಪಯೋಗವಾಗುವುದು ಒಂದು ಸಂದರ್ಭದಲ್ಲಿ: ಬಿತ್ತಿ ಹೆಚ್ಚು ದಿನವಾಗದ ಸಸಿಗಳಲ್ಲಿ 20 ಮಿಲಿಮೀಟರ್ ದಾಟಿದ ಹುಳು ಸಿಕ್ಕಾಗ. ಆ ಗಾತ್ರಕ್ಕೆ ಬರಲು ಮೊಟ್ಟೆಯಿಂದ 12 ದಿನಗಳಾದರೂ ಬೇಕು. ಸಸಿ ಮೊಳೆತದ್ದೇ ಅದಕ್ಕಿಂತ ಈಚೆಗಾದರೆ ಹುಳು ಅಲ್ಲಿ ಹುಟ್ಟಿರಲು ಸಾಧ್ಯವಿಲ್ಲ. ಬದುವಿನ ಹುಲ್ಲನ್ನು, ಹಿಂದಿನ ಬೆಳೆಯ ಕೂಳೆ ಚಿಗುರನ್ನು, ತಾನಾಗಿ ಬಿದ್ದು ಮೊಳೆತ ಜೋಳದ ಗಿಡಗಳನ್ನು ಬಗ್ಗಿಸಿ ನೋಡಿದರೆ ಮೂಲ ಸಿಗುತ್ತದೆ.

ತೆನೆ ಮತ್ತು ಮಣ್ಣು

ಗಿಡದ ತುದಿಯ ಗಂಡು ಹೂಗೊಂಚಲು, ಅಂದರೆ ಸೂಲಂಗಿ, ಹೊರಬಿದ್ದ ಮೇಲೆ ಹುಳುವಿಗೆ ಸುಳಿಯ ಆಸರೆ ತಪ್ಪುತ್ತದೆ, ಅದು ತೆನೆಗೆ ಸರಿಯುತ್ತದೆ. ತೆನೆಯ ತುದಿಯ ಕೂದಲಿನ ಕಡೆಯಿಂದ ಒಳಹೊಕ್ಕು ಮೇಲ್ಭಾಗದ ಕಾಳುಗಳನ್ನು ತಿಂದಿದ್ದರೆ ಕಾಯಿಕೊರಕವನ್ನೂ ಪರಿಗಣಿಸಬೇಕು. ಅದರ ಮೈ ಮುಟ್ಟಿದರೆ ತುಸು ಒರಟು, ಮೇಲೆ ಸಣ್ಣ ರೋಮಗಳಿರುತ್ತವೆ. ತೆನೆಯ ಪಕ್ಕದಲ್ಲಿ ಹೊರಸಿಪ್ಪೆಯನ್ನೇ ಕೊರೆದ ದುಂಡು ತೂತಿದ್ದರೆ ಸೈನಿಕ ಹುಳುವಿನ ಸಂಭವ ಹೆಚ್ಚು. ಈ ಹಂತದಲ್ಲಿ ಹೊರಗಿನಿಂದ ಹಾಕಿದ ಔಷಧಿ ಒಳಗಿನ ಹುಳುವನ್ನು ತಲುಪುವುದಿಲ್ಲ.

ಹೊಲದಿಂದ ಹುಳು ಒಮ್ಮೆಗೇ ಮಾಯವಾದಾಗ ಗಿಡದ ಬುಡದ ಮಣ್ಣನ್ನು 2ರಿಂದ 8 ಸೆಂಟಿಮೀಟರ್ ಆಳದವರೆಗೆ ಕೈಯಲ್ಲಿ ಸಡಿಲಿಸಿ ನೋಡಬೇಕು. ಕೆಂಪು ಕಂದು ಬಣ್ಣದ, 14ರಿಂದ 18 ಮಿಲಿಮೀಟರ್ ಉದ್ದದ ಕೋಶಗಳು ಸಿಕ್ಕರೆ ಒಂದನ್ನು ಬೆರಳುಗಳ ನಡುವೆ ಮೆಲ್ಲಗೆ ಹಿಡಿಯಬೇಕು. ತಲೆಯ ಕಡೆ ಸೀಳಿದ್ದು, ಹಗುರವಾಗಿ ಕೈಯಲ್ಲೇ ಪುಡಿಯಾದರೆ ಪತಂಗ ಆಗಲೇ ಹಾರಿಹೋಗಿದೆ, ಅದರ ಮೊಟ್ಟೆಗಳನ್ನು ಅಕ್ಕಪಕ್ಕದ ಎಳೆಯ ಬೆಳೆಯಲ್ಲಿ ಹುಡುಕಬೇಕು. ತುಂಬಿಕೊಂಡಿದ್ದು, ಮುಟ್ಟಿದಾಗ ಬಾಲದ ತುದಿಯನ್ನು ಅತ್ತಿತ್ತ ಹೊರಳಿಸಿದರೆ ಪತಂಗ ಇನ್ನೂ ಒಳಗಿದೆ. ಬೆಚ್ಚಗಿನ ದಿನಗಳಲ್ಲಿ ಅದು ಕೋಶದಲ್ಲಿರುವ ಒಟ್ಟು ಅವಧಿ 8ರಿಂದ 9 ದಿನ.